ಕತ್ತಿಯ ತೂಕ, ಕಥೆಯ ತೂಕ



ಯುರೋಪಿನ ಮಧ್ಯಯುಗದ ಯೋಧ ಹಿಡಿಯುತ್ತಿದ್ದ ಖಡ್ಗ ಎಷ್ಟು ಭಾರವಿತ್ತು ಎಂದು ಯಾರನ್ನಾದರೂ ಕೇಳಿ ನೋಡಿ. ಹತ್ತು ಕಿಲೋ ಎನ್ನುವವರುಂಟು, ಹದಿನೈದು ಎನ್ನುವವರೂ ಉಂಟು. ಆ ಕಾಲದವರು ದೈತ್ಯದೇಹಿಗಳಾಗಿದ್ದರು, ಈಗಿನವರಿಗೆ ಆ ಕತ್ತಿಯನ್ನು ನೆಲದಿಂದ ಮೇಲೆತ್ತುವುದಕ್ಕೂ ಆಗದು ಎಂದು ಸೇರಿಸುವವರೂ ಇದ್ದಾರೆ. ನಿಜವಾದ ಉತ್ತರ ಇವರಿಗೆ ತುಸು ನಿರಾಸೆ ಉಂಟುಮಾಡೀತು. ಒಂದು ಕೈಯಲ್ಲಿ ಹಿಡಿಯುವ ಸಾಮಾನ್ಯ ಯುದ್ಧಖಡ್ಗ ತೂಗುತ್ತಿದ್ದುದು ಸುಮಾರು 1.1ರಿಂದ 1.6 ಕಿಲೋ. ಹುಡುಗರು ಬೀದಿ ಮೈದಾನಕ್ಕೆ ಹೆಗಲ ಮೇಲೆ ಹೊತ್ತು ಹೋಗುವ ಕ್ರಿಕೆಟ್ ಬ್ಯಾಟಿನ ತೂಕವೂ ಹೆಚ್ಚುಕಡಿಮೆ ಅಷ್ಟೇ: 1.1ರಿಂದ 1.4 ಕಿಲೋ.

ಹಾಗಾದರೆ ಆ ಹತ್ತು ಹದಿನೈದು ಕಿಲೋ ಕತ್ತಿ ಜನರ ಮನಸ್ಸಿಗೆ ಬಂದದ್ದು ಎಲ್ಲಿಂದ? ಹಳೆಯ ಕಾದಂಬರಿಗಳಿಂದ, ಸಿನಿಮಾಗಳಿಂದ ಬಂತು. ಈಚಿನ ದಶಕಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ವಿಡಿಯೊ ಗೇಮುಗಳಿಂದ ಬರುತ್ತಿದೆ. ಇಂದಿನ ಎಳೆಯರು ಮಧ್ಯಯುಗವನ್ನು ಮೊದಲು ಕಾಣುವುದು ಪಠ್ಯಪುಸ್ತಕದಲ್ಲಲ್ಲ, ಆಟದ ಪರದೆಯ ಮೇಲೆ. ಆದ್ದರಿಂದ ಆ ಪರದೆ ಏನು ಹೇಳುತ್ತಿದೆ ಎಂಬುದನ್ನು ಪರಿಶೀಲಿಸುವುದು ಬರೀ ಕಾಲಹರಣವಲ್ಲ.

ಆಟದೊಳಗಿನ ತಕ್ಕಡಿ

ಈ ಆಟಗಳ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಕಲ್ಪಿತ ಲೋಕದಲ್ಲಿ ನಡೆಯುವ ಇಂಥ ಆಟಗಳಲ್ಲಿ ಆಟಗಾರ ಒಬ್ಬ ವೀರನ ಪಾತ್ರ ವಹಿಸುತ್ತಾನೆ. ಗುಹೆ, ಕೋಟೆಗಳಲ್ಲಿ ಅಲೆಯುತ್ತಾನೆ, ಶತ್ರುಗಳನ್ನು ಸೋಲಿಸಿ ಆಯುಧ, ಕವಚ, ಹಣ ಸಂಗ್ರಹಿಸುತ್ತಾನೆ. ಎಷ್ಟು ಹೊರಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಅದಕ್ಕಾಗಿ ಪ್ರತಿಯೊಂದು ವಸ್ತುವಿನ ಮುಂದೆ ತೂಕದ ಅಂಕಿಯೊಂದನ್ನು ನಮೂದಿಸಿರುತ್ತಾರೆ.

2011ರಲ್ಲಿ ಹೊರಬಂದ 'ಸ್ಕೈರಿಮ್' ಎಂಬ ಪ್ರಸಿದ್ಧ ಆಟದಲ್ಲಿ ಕಬ್ಬಿಣದ ಬಾಕಿನ ತೂಕ 2, ಕಬ್ಬಿಣದ ಕತ್ತಿಯದು 9, ಎರಡು ಕೈಗಳ ದೊಡ್ಡ ಕತ್ತಿಯದು 16, ಯುದ್ಧದ ಸುತ್ತಿಗೆಯದು 24. ಇವು ಕಿಲೋಗಳೋ ಪೌಂಡುಗಳೋ ಎಂಬುದನ್ನು ಆಟ ಹೇಳುವುದಿಲ್ಲ. ಉದಾರವಾಗಿ ಪೌಂಡು ಎಂದೇ ಇಟ್ಟುಕೊಂಡರೂ ಸಾಮಾನ್ಯ ಕತ್ತಿ ನಾಲ್ಕು ಕಿಲೋ ಆಯಿತು, ಎಂದರೆ ಮೂರು ಬ್ಯಾಟುಗಳನ್ನು ಒಟ್ಟಿಗೆ ಕಟ್ಟಿ ಬೀಸಿದಂತೆ. ಸುತ್ತಿಗೆ ಹನ್ನೊಂದು ಕಿಲೋ ಸಮೀಪಿಸಿತು. ಅದೇ ವರ್ಷದ 'ಡಾರ್ಕ್ ಸೋಲ್ಸ್' ಆಟದಲ್ಲಿ ಉದ್ದ ಕತ್ತಿಗೆ 3, ಎರಡು ಕೈಗಳ ಜರ್ಮನ್ ಮಾದರಿಯ ಕತ್ತಿಗೆ 10 ಎಂಬ ಅಂಕಿಗಳಿವೆ. ಅಲ್ಲಿ ಧರಿಸಿದ ಭಾರ ಹೆಚ್ಚಿದಂತೆ ವೀರನ ಚಲನೆ ಮಂದವಾಗುತ್ತದೆ. ಹಗುರವಾಗಿದ್ದರೆ ಚುರುಕಾಗಿ ಉರುಳಿ ಏಟಿನಿಂದ ಪಾರಾಗಬಹುದು, ಭಾರ ಮಿತಿಮೀರಿದರೆ ಮೂಟೆಯಂತೆ ದೊಪ್ಪನೆ ಬೀಳಬೇಕು.

ಇನ್ನು ಚಿತ್ರಗಳ ಮಾತು. 1997ರ ಜಪಾನಿ ಆಟ 'ಫೈನಲ್ ಫ್ಯಾಂಟಸಿ 7'ರ ನಾಯಕನ ಕತ್ತಿ ಬಾಗಿಲ ಹಲಗೆಯಷ್ಟು ಅಗಲ. ಅಂಥದೊಂದನ್ನು ಕಮ್ಮಾರನಿಂದ ಮಾಡಿಸಿದರೆ ಏನಾದೀತು? ಒಂದೂವರೆ ಮೀಟರು ಉದ್ದ, ಮೂವತ್ತು ಸೆಂಟಿಮೀಟರು ಅಗಲ, ಒಂದೇ ಸೆಂಟಿಮೀಟರು ದಪ್ಪದ ಉಕ್ಕಿನ ಹಲಗೆ ಎಂದು ಲೆಕ್ಕ ಹಾಕಿದರೆ ಮೂವತ್ತೈದು ಕಿಲೋ ದಾಟುತ್ತದೆ. ತುಂಬಿದ ಅಡುಗೆ ಅನಿಲದ ಸಿಲಿಂಡರು ಅದಕ್ಕಿಂತ ಹಗುರ.

ನಾಣ್ಯದಿಂದ ಹುಟ್ಟಿದ ಅಂಕಿ

ಈ ಅಂಕಿಗಳ ವಂಶವೃಕ್ಷ ಸ್ವಾರಸ್ಯಕರವಾಗಿದೆ. ಕಂಪ್ಯೂಟರ್ ಆಟಗಳಿಗೂ ಮುಂಚೆ, 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಕಾಗದ, ಪೆನ್ಸಿಲು, ದಾಳಗಳನ್ನು ಇಟ್ಟುಕೊಂಡು ಮೇಜಿನ ಸುತ್ತ ಕುಳಿತು ಆಡುವ ಆಟ ಅದು. ಅಲ್ಲಿ ಹೊರೆಯನ್ನು ಚಿನ್ನದ ನಾಣ್ಯಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಹತ್ತು ನಾಣ್ಯ ಒಂದು ಪೌಂಡಿಗೆ ಸಮ. 1978ರ ನಿಯಮಪುಸ್ತಕದಲ್ಲಿ ಎರಡು ಕೈಗಳ ಕತ್ತಿಗೆ 250 ನಾಣ್ಯಗಳ ಭಾರ ಎಂದಿತ್ತು, ಅಂದರೆ 25 ಪೌಂಡು, ಹನ್ನೊಂದು ಕಿಲೋ ಮೀರಿತು.

ಆದರೆ ಮರುವರ್ಷದ ಪುಸ್ತಕದಲ್ಲಿ ಗೈಗ್ಯಾಕ್ಸ್ ಒಂದು ವಿವರಣೆ ಕೊಟ್ಟಿದ್ದರು. ಆ ಅಂಕಿ ಬರೀ ತೂಕವಲ್ಲ. ವಸ್ತುವಿನ ತೂಕ ಮತ್ತು ಅದನ್ನು ಒಯ್ಯುವಾಗ ಆಗುವ ತೊಡಕು ಎರಡನ್ನೂ ಕೂಡಿಸಿ ಹೇಳಿದ್ದು ಎಂಬುದು ಅದರ ಸಾರ. ಇದು ನ್ಯಾಯವಾದ ಮಾತೇ. ಏಣಿ ಭಾರವಿಲ್ಲದಿದ್ದರೂ ಕಿರಿದಾದ ಗುಹೆಯೊಳಗೆ ಅದನ್ನು ಹೊತ್ತು ನಡೆಯುವುದು ಕಷ್ಟ. ಆಳುದ್ದದ ಕತ್ತಿಯ ಪಾಡೂ ಅದೇ. ಆದರೆ ಕಾಲಕ್ರಮದಲ್ಲಿ ವಿವರಣೆ ಮರೆಯಿತು, ಅಂಕಿ ಮಾತ್ರ ಉಳಿಯಿತು. ಮೇಜಿನ ಆಟದಿಂದ ಕಂಪ್ಯೂಟರ್ ಆಟಗಳಿಗೆ ಹೊರೆಯ ಲೆಕ್ಕ ಸಾಗಿಬಂದಾಗ, ಅನುಕೂಲಕ್ಕೆ ಮಾಡಿಕೊಂಡ ಸಂಖ್ಯೆ ಚರಿತ್ರೆಯ ಸಂಗತಿಯೆಂಬ ವೇಷ ತೊಟ್ಟಿತು.

ವಸ್ತುಸಂಗ್ರಹಾಲಯದ ಸಾಕ್ಷ್ಯ

ಊಹೆಗಿಂತ ತಕ್ಕಡಿ ಮೇಲು. ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಆ ಕಾಲದ ಆಯುಧಗಳು ಸಾವಿರಗಟ್ಟಲೆ ಉಳಿದಿವೆ, ಅವನ್ನು ತೂಗಿಯೂ ನೋಡಿದ್ದಾರೆ. ಒಂದು ಕೈಯ ಕತ್ತಿಯ ಲೆಕ್ಕ ಆಗಲೇ ಬಂದಿದೆ. ಎರಡು ಕೈಗಳಿಂದ ಹಿಡಿಯುವ ಯುದ್ಧದ ಕತ್ತಿ ಸಾಮಾನ್ಯವಾಗಿ ಎರಡರಿಂದ ಮೂರೂವರೆ ಕಿಲೋ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಬಳಿಯ ಸ್ಮಾರಕದಲ್ಲಿ ವೀರ ವಿಲಿಯಂ ವ್ಯಾಲೇಸನದೆಂದು ಪ್ರತೀತಿಯಿರುವ ಖಡ್ಗವಿದೆ. ಅದರ ಉದ್ದ 1.63 ಮೀಟರು, ಒಬ್ಬ ವಯಸ್ಕ ಹೆಂಗಸಿನ ಎತ್ತರಕ್ಕಿಂತ ಕಡಿಮೆಯೇನಲ್ಲ. ಅಷ್ಟು ಉದ್ದವಿದ್ದೂ ಅದರ ತೂಕ 2.7 ಕಿಲೋ ಮಾತ್ರ. ನೆದರ್ಲೆಂಡ್ಸಿನ ಲೇವಾರ್ಡನ್ ನಗರದಲ್ಲಿ ಪಿಯರ್ ಗೆರ್ಲೋಫ್ಸ್ ಡೋನಿಯಾ ಎಂಬ ಬಂಡಾಯಗಾರನದೆನ್ನಲಾದ ಕತ್ತಿಯೊಂದಿದೆ. ಉದ್ದ 2.13 ಮೀಟರು, ತೂಕ 6.6 ಕಿಲೋ. ಡೋನಿಯಾ ಅಸಾಧಾರಣ ದೈತ್ಯನೆಂದು ಆ ಸೀಮೆಯ ದಂತಕಥೆ ಸಾರುತ್ತದೆ. ದೈತ್ಯನ ಹೆಸರಿಗೆ ಅಂಟಿದ ಕತ್ತಿಯೂ ಆಟದ ಸಾಮಾನ್ಯ ಎರಡು ಕೈಗಳ ಕತ್ತಿಯ ತೂಕವನ್ನು ಮುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು.

ಸುತ್ತಿಗೆಯ ಕಥೆಯೂ ಹೀಗೆಯೇ. ಆಟಗಳಲ್ಲಿ ಕಾಣುವುದು ಕಲ್ಲುಗಣಿಯ ಸಮ್ಮಟಿಗೆಯಂಥ ವಸ್ತು. ನಿಜವಾದ ಯುದ್ಧದ ಸುತ್ತಿಗೆಯ ತಲೆ ಬಡಗಿಯ ಸುತ್ತಿಗೆಯ ತಲೆಗಿಂತ ಹೆಚ್ಚು ದೊಡ್ಡದಲ್ಲ. ಒಂದು ಮಗ್ಗುಲಲ್ಲಿ ಹೊಡೆಯುವ ಮುಖ, ಇನ್ನೊಂದರಲ್ಲಿ ಗಿಣಿಯ ಕೊಕ್ಕಿನಂಥ ಚೂಪು. ಪೆಟ್ಟಿನ ಬಲವನ್ನೆಲ್ಲ ಒಂದು ಸಣ್ಣ ಜಾಗಕ್ಕೆ ತರುವುದು ಅದರ ಗುಟ್ಟು. ಒಂದು ಕೈಯಲ್ಲಿ ಹಿಡಿಯುವ ಗದೆಯೂ ಒಂದು, ಒಂದೂವರೆ ಕಿಲೋ ಆಸುಪಾಸಿನದು. ಗದೆ ಎಂದೊಡನೆ ಕ್ಯಾಲೆಂಡರಿನ ಭೀಮಸೇನ ನೆನಪಾಗುವವರಿಗೆ ಇದು ಆಟಿಕೆಯಂತೆ ಕಂಡೀತು. ಆದರೆ ತಲೆಗೆ ಬಿದ್ದಾಗ ಆಟಿಕೆಯಲ್ಲ.

ಹಗುರ ಯಾಕೆ ಬೇಕಿತ್ತು?

ಭಾರವಿದ್ದಷ್ಟೂ ಪೆಟ್ಟು ಬಲವಾದೀತಲ್ಲವೆ ಎಂಬ ಪ್ರಶ್ನೆ ಸಹಜ. ಶಾಲೆಯ ಭೌತಶಾಸ್ತ್ರವೇ ಇದಕ್ಕೆ ಉತ್ತರ ಕೊಡುತ್ತದೆ. ಚಲಿಸುವ ವಸ್ತುವಿನ ತೂಕ ಇಮ್ಮಡಿಯಾದರೆ ಅದರ ಶಕ್ತಿಯೂ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಯಾದರೋ ಶಕ್ತಿ ನಾಲ್ಕು ಮಡಿಯಾಗುತ್ತದೆ. ತೋಳಿನ ಬಲಕ್ಕೆ ಮಿತಿಯಿದೆ. ಅತಿಭಾರದ ಕತ್ತಿ ನಿಧಾನವಾಗುತ್ತದೆ. ಅದಕ್ಕಿಂತ ಮುಖ್ಯವಾದುದು, ಬೀಸಿದ ಕತ್ತಿ ಗುರಿ ತಪ್ಪಿದಾಗ ಅದನ್ನು ತಡೆದು ಹಿಂದಕ್ಕೆ ತರಬೇಕು. ತಡವಾಯಿತೋ, ಎದುರಾಳಿಗೆ ಪಕ್ಕೆ ತೆರೆದಂತಾಯಿತು. ಯುದ್ಧದಲ್ಲಿ ಎರಡನೆಯ ಅವಕಾಶವೆಂಬುದು ಅಪರೂಪ.

ಆದ್ದರಿಂದಲೇ ಕತ್ತಿ ಮಾಡುವವನ ಜಾಣ್ಮೆಯೆಲ್ಲ ತೂಕ ಕೂಡಿಸುವುದರಲ್ಲಲ್ಲ, ಕಳೆಯುವುದರಲ್ಲಿತ್ತು. ಅಲಗು ಹಿಡಿಯ ಬಳಿ ದಪ್ಪ, ತುದಿಗೆ ಹೋದಂತೆ ತೆಳು. ನಡುವೆ ಉದ್ದಕ್ಕೂ ಕಾಲುವೆಯಂತೆ ತೋಡುತ್ತಿದ್ದರು. ಅದು ರಕ್ತ ಹರಿಯಲೆಂದು ಮಾಡಿದ್ದೆಂಬ ನಂಬಿಕೆ ಈಗಲೂ ಇದೆ. ವಾಸ್ತವವಾಗಿ ಅಲಗಿನ ಬಿಗಿ ಕೆಡದಂತೆ ತೂಕ ಇಳಿಸುವ ಉಪಾಯ ಅದು. ಹಿಡಿಯ ಹಿಂತುದಿಯಲ್ಲಿ ಒಂದು ಲೋಹದ ಗುಂಡನ್ನು ಕೂಡಿಸಿ, ಇಡೀ ಕತ್ತಿಯ ಸಮತೋಲ ಕೈಗೆ ಹತ್ತಿರ ಬರುವಂತೆ ಮಾಡುತ್ತಿದ್ದರು. ಹೀಗಾಗಿ ಒಂದೂಕಾಲು ಕಿಲೋ ಕತ್ತಿ ಕೈಗೆ ಇನ್ನೂ ಹಗುರವೆನಿಸುತ್ತಿತ್ತು. ಅಲಂಕಾರಕ್ಕೆಂದು ಗೋಡೆಗೆ ನೇತುಹಾಕುವ ನಕಲಿ ಕತ್ತಿಗಳನ್ನು ಹಲವೊಮ್ಮೆ ಒಂದೇ ದಪ್ಪದ ಪಟ್ಟಿಯಿಂದ ಕತ್ತರಿಸಿರುತ್ತಾರೆ. ಅವನ್ನು ಎತ್ತಿ ನೋಡಿದವರು ಹಳೆಯ ಕತ್ತಿಗಳೂ ಹೀಗೆಯೇ ಇದ್ದವೆಂದು ಭಾವಿಸುತ್ತಾರೆ.

ಕವಚ ತೊಟ್ಟವನ ಲಾಗ

ಕವಚದ ವಿಷಯದಲ್ಲಂತೂ ಅಪನಂಬಿಕೆ ಇನ್ನೂ ಗಟ್ಟಿ. ಉಕ್ಕಿನ ಕವಚ ತೊಟ್ಟ ಯೋಧ ಕೆಳಗೆ ಬಿದ್ದರೆ ಮಗುಚಿದ ಆಮೆಯಂತೆ ಏಳಲಾರ, ಕುದುರೆ ಏರಬೇಕಾದರೆ ರಾಟೆ ಕಟ್ಟಿ ಎತ್ತಬೇಕು ಎಂಬ ಚಿತ್ರ ಬಹುಜನರ ಮನಸ್ಸಿನಲ್ಲಿದೆ. 1944ರಲ್ಲಿ ಲಾರೆನ್ಸ್ ಒಲಿವಿಯರ್ ತೆಗೆದ 'ಐದನೆಯ ಹೆನ್ರಿ' ಚಲನಚಿತ್ರ ಈ ರಾಟೆಯ ದೃಶ್ಯವನ್ನು ಲೋಕಪ್ರಸಿದ್ಧಗೊಳಿಸಿತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ತಜ್ಞರ ಪ್ರಕಾರ ಯುದ್ಧಕ್ಕೆಂದು ಮಾಡಿದ ಸಂಪೂರ್ಣ ಕವಚ ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತದೆ, ಶಿರಸ್ತ್ರಾಣ 2ರಿಂದ 4 ಕಿಲೋ. ಇದನ್ನು ಮೂಟೆ ಹೊತ್ತಂತೆ ಬೆನ್ನಿನ ಮೇಲಷ್ಟೇ ಹೊರುವುದಲ್ಲ. ಭುಜ, ಎದೆ, ಸೊಂಟ, ತೋಳು, ತೊಡೆಗಳಿಗೆ ಹಂಚಿ, ಚರ್ಮದ ಪಟ್ಟಿಗಳಿಂದ ಬಿಗಿದು, ಕೀಲುಗಳಲ್ಲಿ ಒಂದರ ಮೇಲೊಂದು ಜಾರುವ ತಗಡುಗಳನ್ನಿಟ್ಟು, ಆಯಾ ಮನುಷ್ಯನ ಅಳತೆಗೆ ದರ್ಜಿ ಬಟ್ಟೆ ಹೊಲಿದಂತೆ ತಯಾರಿಸುತ್ತಿದ್ದರು. 2003ರಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ಸೈನಿಕರ ಹೊರೆಯನ್ನು ತೂಗಿದಾಗ, ಕಾದಾಟದ ವೇಳೆ ಮೈಮೇಲಿದ್ದ ಸರಂಜಾಮೇ ಸರಾಸರಿ 28 ಕಿಲೋ ದಾಟಿತ್ತು.

ಬೂಸಿಕೋ ಎಂದು ಹೆಸರಾದ ಫ್ರೆಂಚ್ ಸೇನಾನಿ ಜಾನ್ ಲ ಮೆಂಗ್ರ್ ಬದುಕಿದ್ದಾಗಲೇ ಬರೆದ ಚರಿತ್ರೆಯೊಂದು ಉಳಿದಿದೆ. ಶಿರಸ್ತ್ರಾಣವೊಂದನ್ನು ಬಿಟ್ಟು ಮಿಕ್ಕ ಕವಚವನ್ನೆಲ್ಲ ತೊಟ್ಟು ಆತ ಲಾಗ ಹೊಡೆಯುತ್ತಿದ್ದನಂತೆ. ಗೋಡೆಗೆ ಒರಗಿಸಿದ ಏಣಿಯ ಒಳಮಗ್ಗುಲನ್ನು, ಕಾಲು ತಾಗಿಸದೆ ಕೈಗಳಿಂದಲೇ, ಉಕ್ಕಿನ ಅಂಗಿ ತೊಟ್ಟು ಏರುತ್ತಿದ್ದನಂತೆ. ಹೊಗಳಿಕೆಯ ಬರಹವಾದ್ದರಿಂದ ಒಂದಿಷ್ಟು ರಿಯಾಯಿತಿ ಕೊಡಬೇಕು. ಆದರೂ ಮಗುಚಿದ ಆಮೆಯ ಚಿತ್ರಕ್ಕೂ ಇದಕ್ಕೂ ಎಷ್ಟು ದೂರ!

ಹಾಗೆಂದು ಕವಚ ಹತ್ತಿಯ ಅಂಗಿಯಷ್ಟೇ ಹಗುರ ಎಂದು ಇನ್ನೊಂದು ತುದಿಗೆ ಹಾರುವುದೂ ಸರಿಯಲ್ಲ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕವಚ ತೊಟ್ಟು ಅಭ್ಯಾಸವಿದ್ದವರನ್ನು ಓಡುವ ಪಟ್ಟಿಯ ಯಂತ್ರದ ಮೇಲೆ ನಡೆಸಿ, ಅವರ ಉಸಿರಾಟವನ್ನು ಅಳೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ತೊಟ್ಟಿದ್ದುದು ಮೂವತ್ತರಿಂದ ಐವತ್ತು ಕಿಲೋ ಕವಚಗಳು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಕಾಲಿಗೆ ಕಟ್ಟಿದ ಏಳೆಂಟು ಕಿಲೋ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಿಡಬೇಕಾದ್ದು ಒಂದು ಕಾರಣ. ಎದೆಯ ತಗಡು ಉಸಿರನ್ನು ಬಿಗಿಹಿಡಿಯುವುದು ಇನ್ನೊಂದು. ಅಂದರೆ ಕವಚಧಾರಿ ಓಡಬಲ್ಲ, ಜಿಗಿಯಬಲ್ಲ, ಬಿದ್ದರೆ ಏಳಬಲ್ಲ. ಆದರೆ ಬೇಗ ದಣಿಯುತ್ತಾನೆ. 1415ರ ಅಕ್ಟೋಬರಿನಲ್ಲಿ ಅಜಿನ್‌ಕೋರ್ಟ್ ಕದನದಂದು, ಮಳೆಯಲ್ಲಿ ನೆಂದ ಉತ್ತ ಹೊಲದ ಕೆಸರಿನಲ್ಲಿ ಫ್ರೆಂಚ್ ಯೋಧರು ಕಾಲೆಳೆಯುತ್ತ ನಡೆದರು. ಮೇಲಿಂದ ಬಾಣಗಳ ಮಳೆ, ಹಿಂದಿನಿಂದ ತಮ್ಮವರದೇ ನೂಕುನುಗ್ಗಲು. ಕವಚದಲ್ಲಿ ಲಾಗ ಹೊಡೆಯುತ್ತಿದ್ದ ಬೂಸಿಕೋ ಅಂದು ಸೆರೆಸಿಕ್ಕಿದ. ಮತ್ತೆ ತಾಯ್ನಾಡು ಕಾಣದೆ 1421ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ.

ತಪ್ಪು ಕಲ್ಪನೆಯ ಬೇರು

ಇಷ್ಟು ಸಾಕ್ಷ್ಯವಿದ್ದೂ ಭಾರದ ಕಥೆ ಹಬ್ಬಿದ್ದು ಹೇಗೆ? ಒಂದು ಕಾರಣ, ಉಳಿದು ಬಂದ ವಸ್ತುಗಳ ಸ್ವಭಾವ. ರಣರಂಗದಲ್ಲಿ ಬಳಸಿದ ಕತ್ತಿ ಸವೆಯುತ್ತದೆ, ಮುರಿಯುತ್ತದೆ, ಕುಲುಮೆಗೆ ಮರಳುತ್ತದೆ. ಅರಮನೆಯ ಮೆರವಣಿಗೆಯಲ್ಲಿ ಅಧಿಕಾರದ ಲಾಂಛನವಾಗಿ ಹಿಡಿಯುತ್ತಿದ್ದ ಭಾರೀ ಖಡ್ಗ, ಪಂದ್ಯಕ್ಕೆಂದು ಮಾಡಿಸಿದ ದುಬಾರಿ ಕವಚ ಜೋಪಾನವಾಗಿ ಉಳಿಯುತ್ತವೆ. ಕುದುರೆಯೇರಿ ಈಟಿ ಹಿಡಿದು ಎದುರೆದುರು ನುಗ್ಗುವ ಪಂದ್ಯದಲ್ಲಿ ಕೆಲವು ನಿಮಿಷ ಪೆಟ್ಟು ತಡೆದರೆ ಸಾಕು, ದಿನವಿಡೀ ನಡೆಯಬೇಕಿಲ್ಲ. ಹೀಗಾಗಿ ಅಲ್ಲಿ ಭಾರ ನಡೆಯುತ್ತಿತ್ತು. 1520ರಲ್ಲಿ ಫ್ರಾನ್ಸಿನ ದೊರೆಯೊಡನೆ ನಡೆದ ವೈಭವದ ಭೇಟಿಯ ಕಾಲಕ್ಕೆ ಇಂಗ್ಲೆಂಡಿನ ಎಂಟನೆಯ ಹೆನ್ರಿಗಾಗಿ ಮಾಡಲು ತೊಡಗಿದ, ಕಾಲ್ನಡೆಯ ಪಂದ್ಯದ ಕವಚ ಲೀಡ್ಸಿನಲ್ಲಿದೆ. ಮೈಯ ಒಂದಿಂಚೂ ತೆರೆದಿರದಂತೆ 235 ತುಂಡುಗಳಿಂದ ಕೂಡಿಸಿದ ಅದರ ತೂಕ 42 ಕಿಲೋ ಮೀರಿದೆ. ಪಂದ್ಯದ ನಿಯಮ ಬದಲಾದ್ದರಿಂದ ಅದನ್ನು ಅರ್ಧಕ್ಕೇ ಕೈಬಿಟ್ಟರು. ಇಂಥವನ್ನು ಕಂಡ ಮುಂದಿನ ತಲೆಮಾರುಗಳು ಎಲ್ಲ ಕವಚಗಳೂ ಹೀಗೆಯೇ ಎಂದುಕೊಂಡವು.

ಇನ್ನೊಂದು ಕಾರಣ ಮನಸ್ಸಿನದು. ಹಿಂದಿನವರು ಒರಟರು, ಬರಿಯ ತೋಳ್ಬಲದವರು, ಬುದ್ಧಿ ತಮ್ಮ ಕಾಲದಲ್ಲಿ ಬಂತು ಎಂದು ನಂಬುವುದು ಪ್ರತಿ ಪೀಳಿಗೆಗೂ ಹಿತ. ಭಾರದ ಕತ್ತಿ ಆ ನಂಬಿಕೆಗೆ ಒದಗಿದ ಪುರಾವೆ. ಹಗುರವಾದ ಕತ್ತಿಯನ್ನು ಒಪ್ಪಿಕೊಂಡರೆ ಉಕ್ಕಿನ ಹದ ಬಲ್ಲ ಕಮ್ಮಾರನನ್ನೂ, ವರ್ಷಗಟ್ಟಲೆ ವರಸೆ ಕಲಿತ ಶಿಷ್ಯನನ್ನೂ, ಅದನ್ನು ಕಲಿಸಿದ ಗುರುವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ತೂಕ ಹೆಚ್ಚಿಸಿದಷ್ಟೂ ಇವರ ವಿದ್ಯೆ ಕಣ್ಮರೆಯಾಗುತ್ತದೆ. ಈ ಚರ್ಚೆಯಲ್ಲಿ ನಿಜವಾಗಿ ಪಣಕ್ಕಿರುವುದು ಇದೇ.

ಕಾವ್ಯಕ್ಕೆ ಮಿತಿಯಿಲ್ಲ, ಪಟ್ಟಿಗೆ ಇದೆ

ಆಟ ಕಲ್ಪನೆಯಲ್ಲವೆ, ಅದಕ್ಕೆ ತಕ್ಕಡಿ ಯಾಕೆ ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಯಾರೂ ಎತ್ತಲಾರದ ಶಿವಧನುಸ್ಸನ್ನು ರಾಮ ಎತ್ತಿ ಮುರಿದಾಗ ಅದರ ತೂಕ ಎಷ್ಟು ಮಣ ಎಂದು ರಸಿಕ ಕೇಳುವುದಿಲ್ಲ. ಆ ಭಾರ ವೀರನ ಹಿರಿಮೆಯ ಸಂಕೇತ. ಹಲಗೆಯಂಥ ಕತ್ತಿ ಹಿಡಿದ ಜಪಾನಿ ನಾಯಕನೂ ಆ ಜಾತಿಯವನೇ. ಅದು ಅತಿಶಯೋಕ್ತಿ ಅಲಂಕಾರ, ಆಕ್ಷೇಪಿಸಬೇಕಾದ್ದಿಲ್ಲ. ತೊಡಕು ಹುಟ್ಟುವುದು ಸಾಧಾರಣ ಸಿಪಾಯಿಯ ಸಾಧಾರಣ ಕತ್ತಿಯ ಮುಂದೆ, ಕಿರಾಣಿ ಅಂಗಡಿಯ ಚೀಟಿಯಂತೆ, ಗಂಭೀರವಾಗಿ ಅಂಕಿ ಬರೆದಾಗ. ಅಲಂಕಾರವನ್ನು ಯಾರೂ ನಂಬುವುದಿಲ್ಲ, ಅಂಕಿಯನ್ನು ನಂಬುತ್ತಾರೆ.

ಇನ್ನೊಂದು ತಮಾಷೆಯೂ ಇದೆ. ಕತ್ತಿಯ ತೂಕವನ್ನು ಇಷ್ಟು ಹಿಗ್ಗಿಸುವ ಸ್ಕೈರಿಮ್ ಆಟದಲ್ಲಿ ಚಿನ್ನದ ನಾಣ್ಯಕ್ಕೆ ತೂಕವೇ ಇಲ್ಲ! ಫ್ಲಾರೆನ್ಸ್ ನಗರ 1252ರಿಂದ ಟಂಕಿಸಿದ ಪ್ರಸಿದ್ಧ ಫ್ಲೋರಿನ್ ನಾಣ್ಯ ಸುಮಾರು ಮೂರೂವರೆ ಗ್ರಾಂ ತೂಗುತ್ತಿತ್ತು. ಅಂಥ ಹತ್ತು ಸಾವಿರ ನಾಣ್ಯ ಸೇರಿದರೆ 35 ಕಿಲೋ. ಆಟದ ವೀರ ಒಂದು ಕತ್ತಿ ಹೆಚ್ಚಾಯಿತೆಂದು ಓಡಲಾರದೆ ನಿಲ್ಲುತ್ತಾನೆ, ಸುಮಾರು ಒಂದೂವರೆ ಕವಚದಷ್ಟು ತೂಕದ ಚಿನ್ನವನ್ನು ಜೇಬಿನಲ್ಲಿಟ್ಟುಕೊಂಡು ಬೆಟ್ಟ ಹತ್ತುತ್ತಾನೆ. ಶಿರಸ್ತ್ರಾಣದೊಳಗಿನ ಸೆಕೆ, ಬಿಗಿದ ಉಸಿರು, ಕೆಸರು, ದಣಿವು ಇವೂ ಬಹುಪಾಲು ಲೆಕ್ಕಕ್ಕಿಲ್ಲ. ಇಲ್ಲದ ಭಾರವನ್ನು ಹೇರಿ ಇದ್ದ ಭಾರವನ್ನು ಬಿಟ್ಟಂತಾಯಿತು.

ಆದರೆ ತಿದ್ದುಪಡಿಯೂ ನಡೆಯುತ್ತಿದೆ ಎಂಬುದು ಸಮಾಧಾನದ ಸಂಗತಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ 1978ರಲ್ಲಿ 25 ಪೌಂಡು ಎನಿಸಿಕೊಂಡ ಎರಡು ಕೈಗಳ ಕತ್ತಿ 2003ರ ಆವೃತ್ತಿಯಲ್ಲಿ 8 ಪೌಂಡಿಗೆ ಇಳಿಯಿತು, 2014ರಲ್ಲಿ 6 ಪೌಂಡಿಗೆ. ಆರು ಪೌಂಡು ಎಂದರೆ 2.7 ಕಿಲೋ, ಸ್ಟರ್ಲಿಂಗಿನ ಆ ಖಡ್ಗದಷ್ಟೇ. ಜೆಕ್ ದೇಶದ ವಾರ್‌ಹಾರ್ಸ್ ಸಂಸ್ಥೆ 2018ರಲ್ಲಿ ಹೊರತಂದ 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್' ಎಂಬ ಆಟದ ಕಥೆ 1403ರ ಬೊಹೀಮಿಯದಲ್ಲಿ ನಡೆಯುತ್ತದೆ. ಅಲ್ಲಿ ಮಂತ್ರವಿಲ್ಲ, ರಾಕ್ಷಸರಿಲ್ಲ. ನಾಯಕ ಕಮ್ಮಾರನ ಮಗ. ಮೊದಲು ದಪ್ಪ ಬಟ್ಟೆಯ ಅಂಗಿ, ಅದರ ಮೇಲೆ ಉಂಗುರಗಳ ಕವಚ, ಅದರ ಮೇಲೆ ತಗಡು ಎಂದು ಒಂದೊಂದೇ ಪದರ ತೊಡಬೇಕು. ಕತ್ತಿ ವರಸೆಯನ್ನು ಗುರುವಿನಿಂದ ಕಲಿಯಬೇಕು, ಕಲಿಯುವ ತನಕ ಸೋಲುತ್ತಿರಬೇಕು. ಇಷ್ಟು ಕಟ್ಟುನಿಟ್ಟಿನ ಆಟವನ್ನು ಜನ ಇಷ್ಟಪಟ್ಟು ಆಡಿದರು, 2025ರಲ್ಲಿ ಅದರ ಎರಡನೆಯ ಭಾಗವೂ ಬಂತು. ನಿಜ ಹೇಳಿದರೆ ಆಟ ಸಪ್ಪೆಯಾದೀತೆಂಬ ಭಯಕ್ಕೆ ಆಧಾರವಿಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿದೆ.

ಮನೆಯಲ್ಲಿ ಇಂಥ ಆಟವಾಡುವ ಮಕ್ಕಳಿದ್ದರೆ ಆಟ ನಿಲ್ಲಿಸಬೇಕಾಗಿಲ್ಲ. ಪರದೆಯ ಮೇಲೆ ಕತ್ತಿಯ ತೂಕ ಕಾಣಿಸಿದಾಗ ಮೂಲೆಯಲ್ಲಿರುವ ಕ್ರಿಕೆಟ್ ಬ್ಯಾಟನ್ನು ಅವರ ಕೈಗೆ ಕೊಟ್ಟು, ಇದರಿಂದ ಒಂದು ಗಂಟೆ ಬೀಸುತ್ತ ಇರಲು ಆದೀತೆ ಎಂದು ಕೇಳಿದರೆ ಸಾಕು. ಒಂದೂಕಾಲು ಕಿಲೋ ಎಷ್ಟು ಭಾರ ಎಂಬುದು ಐದು ನಿಮಿಷದಲ್ಲಿ ತೋಳಿಗೆ ತಿಳಿಯುತ್ತದೆ. ಮಧ್ಯಯುಗದ ಯೋಧನಿಗಿದ್ದದ್ದೂ ಅಂಥದೇ ತೋಳು, ಅಂಥದೇ ದಣಿವು. ಅವನ ಕತ್ತಿ ಮಾಡಿದ ಕಮ್ಮಾರನಿಗೆ ಅದು ಚೆನ್ನಾಗಿ ಗೊತ್ತಿತ್ತು.